ಪೊದೆಯಲ್ಲಿದ್ದ ಟಗರು ಯಾರದ್ದು?

ನನಗೂ ದೇವರಿಗೂ ಮೂರು ವರ್ಷ ಮಾತಿರಲಿಲ್ಲ.

ಹಾಗಂತ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೆ ಅಂದುಕೊಳ್ಳಬೇಡಿ. ಚರ್ಚಿಗೆ ಹೋಗದೆ ಮಂಗಾಯಾ ದ್ವೀಪದಲ್ಲಿ ಬಾಳುವುದುಂಟೇ? ಭಾನುವಾರ ಬಿಳಿ ಉಡುಪು ತೊಟ್ಟು, ತೆಂಗಿನ ಎಳೆಗರಿಯ ಟೋಪಿ ಇಟ್ಟು, ಎರಡನೇ ಬೆಂಚಿನಲ್ಲಿ ನನ್ನ ಜಾಗದಲ್ಲೇ ಕೂರುತ್ತಿದ್ದೆ. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ನಮ್ಮ ಹಾಡುಗಳಲ್ಲಿ ಗಂಡಸರು ಕೆಳಗಿನಿಂದ ಹೂಂ ಹೂಂ ಎಂದು ಗುಟುರು ಹಾಕುತ್ತಾರೆ; ಮೇಲೆ ಒಬ್ಬ ಹೆಂಗಸಿನ ಏರುದನಿ ಚಾವಣಿ ಮುಟ್ಟಬೇಕು. ನಮ್ಮೂರಲ್ಲಿ ಆ ದನಿ ನನ್ನದು. ನನ್ನ ಗಂಡ ನೂರೋವಾ ಒಂದು ಮಂಗಳವಾರ ಮೀನಿಗೆ ಹೋದ. ದೋಣಿ ವಾಪಸು ಬಂತು, ಅವನು ಬರಲಿಲ್ಲ. ಅವತ್ತೇ ಮೇಲಿನವನಿಗೆ ಹೇಳಿಬಿಟ್ಟೆ: ನನ್ನನ್ನೊಂದು ಮಾತು ಕೇಳದೆ ನನ್ನ ಗಂಡನನ್ನು ತೆಗೆದುಕೊಂಡೆಯಲ್ಲ, ಇನ್ನು ನನ್ನ ದನಿ ನಿನಗಿಲ್ಲ. ಅಲ್ಲಿಂದ ಚರ್ಚಿನಲ್ಲಿ ಉಳಿದದ್ದು ಗಂಡಸರ ಗುಟುರು. ಹೊರಗಿನಿಂದ ಕೇಳಿದವರಿಗೆ ಹಂದಿಗಳಿಗೆ ಮೇವು ಹಾಕುತ್ತಿದ್ದಾರೆ ಅನ್ನಿಸಬೇಕು.

ಅದೇ ತಿಂಗಳು ಮಳೆ ಹಿಡಿಯಿತು. ಮಳೆ ಬಿಟ್ಟ ಬೆಳಿಗ್ಗೆ ನಾವು ಹೆಂಗಸರು ಹವಳಗಲ್ಲಿನ ದಿಬ್ಬಕ್ಕೆ ಹೋಗುತ್ತೇವೆ. ಹಾರ ಪೋಣಿಸುವ ಪುಪು ಚಿಪ್ಪಿನ ಹುಳುಗಳು, ಅಕ್ಕಿಕಾಳಿಗಿಂತ ಕೊಂಚ ದಪ್ಪದ ಬಸವನಹುಳುಗಳು, ಆಗಲೇ ಕಲ್ಲಿನ ಸಂದಿನಿಂದ ಹೊರಬರುವುದು. ಹಾಗೆ ಚಿಪ್ಪು ಆಯುತ್ತಿದ್ದ ಒಂದು ದಿನ ಬಿರುಕಿನಲ್ಲಿ ಬಿಳಿ ಮೇಕೆಮರಿ ಸಿಕ್ಕಿಕೊಂಡದ್ದು ಕಂಡಿತು. ತಾಯಿ ಪಕ್ಕದಲ್ಲೇ ಬಿದ್ದು ಸತ್ತಿತ್ತು. ಮರಿಯನ್ನು ಎಳೆದು ತೆಗೆದೆ. ಅದು ಉಪಕಾರ ನೆನೆಯುವ ಬದಲು ನನ್ನ ಟೋಪಿಯ ಅಂಚನ್ನು ತಿಂದು ಹಾಕಿತು.

ಬೆಳೆದು ದೊಡ್ಡ ಹೋತವಾಯಿತು. ಎದೆ ಮುಂದೆ ಮಾಡಿ, ಯಾರಿಗೂ ದಾರಿ ಬಿಡದೆ ನಡೆಯುತ್ತಿತ್ತು, ಅದಕ್ಕೇ ಕಾವಾನಾ ಎಂದು ಹೆಸರಿಟ್ಟೆ. ನಮ್ಮ ಮಾತಿನಲ್ಲಿ ಗವರ್ನರ್ ಎಂದರ್ಥ. ನೂರೋವಾ ಮಲಗುತ್ತಿದ್ದ ಚಾಪೆಯ ಮೇಲೆ ಅದು ಮಲಗುತ್ತಿತ್ತು. ಬೆಳಗಿನ ಚಹಾದಲ್ಲಿ ಅದಕ್ಕೂ ಪಾಲು. ಮನೆಯಲ್ಲಿ ನಾನು ಮಾತಾಡುತ್ತಿದ್ದದ್ದು ಅದರ ಜೊತೆ ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ. ಗುಣ ಒಳ್ಳೆಯದು ಅನ್ನಲಾರೆ. ಹಗ್ಗ ಕಡಿಯುವುದು, ಬೇಲಿ ಹಾರುವುದು, ನನ್ನ ಭಾವ, ಎಂದರೆ ನೂರೋವಾನ ಅಣ್ಣ, ಮೆತುವಾ ಹೊಸದಾಗಿ ತಂದಿದ್ದ ಹೆಣ್ಣುಮೇಕೆಗಳ ಯೋಗಕ್ಷೇಮ ವಿಚಾರಿಸಿಕೊಂಡು ಬರುವುದು, ಇದು ಅದರ ದಿನಚರಿ.

"ನಿನ್ನ ಹೋತನ್ನ ಕಟ್ಟಾಕ್ತೀಯೋ ಇಲ್ವೋ, ತುವಾಯಿನೆ?" ಎಂದು ಭಾವ ವಾರಕ್ಕೊಮ್ಮೆ ಬೇಲಿ ಆಚೆಯಿಂದ ಕೂಗುತ್ತಿದ್ದ.

"ನಿನ್ನ ಮೇಕೆಗಳಿಗೇ ಬುದ್ಧಿ ಹೇಳು ಭಾವ. ನನ್ನ ಗವರ್ನರ್ ಕರೆಯದೆ ಎಲ್ಲಿಗೂ ಹೋಗಲ್ಲ" ಎನ್ನುತ್ತಿದ್ದೆ.

ಮೂರನೇ ವರ್ಷ ಜೂನ್ ತಿಂಗಳ ಸುವಾರ್ತಾ ದಿನಕ್ಕೆ ನಮ್ಮೂರಿನ ಪಾಲಿಗೆ ಅಬ್ರಹಾಮನ ಕಥೆ ಬಂತು. ದ್ವೀಪಕ್ಕೆ ಕ್ರೈಸ್ತ ಧರ್ಮ ಬಂದ ನೆನಪಿಗೆ ಆ ದಿನ ಇಲ್ಲಿನ ಮೂರೂ ಊರಿನವರು ಬಯಲಿನಲ್ಲಿ ಸೇರಿ ಬೈಬಲ್ಲಿನ ಕಥೆಗಳನ್ನು ಆಡುತ್ತೇವೆ. ನುಕು ಎನ್ನುತ್ತೇವೆ ಅದನ್ನು. ಸ್ಪರ್ಧೆ ಅಲ್ಲ ಎಂದು ಪಾದ್ರಿಗಳು ಪ್ರತಿವರ್ಷ ಹೇಳುತ್ತಾರೆ, ಪ್ರತಿವರ್ಷ ಯಾರೂ ನಂಬುವುದಿಲ್ಲ. ನಮ್ಮ ಕಥೆಯಲ್ಲಿ ದೇವರು ಕೇಳಿದನೆಂದು ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟ ಹತ್ತುತ್ತಾನೆ, ಕತ್ತಿ ಎತ್ತಿದಾಗ ದೇವದೂತರು ತಡೆಯುತ್ತಾರೆ, ಮಗನ ಬದಲು ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಟಗರು ಬಲಿಯಾಗುತ್ತದೆ. ಅಬ್ರಹಾಮ ನಮ್ಮ ಭಾವನೇ. ಹನ್ನೆರಡು ವರ್ಷದಿಂದ ನೋಹನೂ ಅವನೇ, ಮೋಶೆಯೂ ಅವನೇ. ಗಡ್ಡ ಒಂದೇ, ಕೋಲು ಮಾತ್ರ ಬೇರೆ. ಇಸಾಕನ ಪಾತ್ರಕ್ಕೆ ಹುಡುಗ ಬೇಕಲ್ಲ, ಊರಿನಲ್ಲಿ ಆ ವಯಸ್ಸಿನವರು ಇದ್ದದ್ದು ಇಬ್ಬರು ಹೆಣ್ಣುಮಕ್ಕಳು, ಅವರು ಆಗಲೇ ದೇವದೂತರಾಗಿದ್ದರು. ಕೊನೆಗೆ ಭಾವನ ಸ್ವಂತ ಮಗ ಪೋಕೊನೇ ಇಸಾಕನಾದ. ವಯಸ್ಸು ಮೂವತ್ತೆಂಟು. ತೂಕ ಹೇಳುವುದಿಲ್ಲ, ಅವನು ಕೂತ ಕಡೆ ಬೆಂಚಿನ ಆಚೆ ತುದಿಯವರು ಮೇಲೇಳುತ್ತಾರೆ ಅಂದರೆ ಸಾಕು.

ಇನ್ನು ಬೇಕಿದ್ದದ್ದು ಟಗರು. ದ್ವೀಪದಲ್ಲಿ ಕುರಿಯಿಲ್ಲ. ಬಿಳಿ ಬಣ್ಣದ, ಕೋಡಿರುವ, ನೋಡುವಂತಿರುವ ಪ್ರಾಣಿ ಇಡೀ ಊರಿನಲ್ಲಿ ಒಂದೇ ಒಂದು. ಎಲ್ಲರೂ ನನ್ನ ಬೇಲಿಯ ಕಡೆ ನೋಡತೊಡಗಿದರು.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ನುಕುವಿಗೆಂದು ಪ್ರಾರ್ಥನೆ ಮಾಡಿ ಆಟದೊಳಗೆ ಬಿಟ್ಟ ಮೇಕೆಯೋ ಹಂದಿಯೋ ಮತ್ತೆ ಮನೆಗೆ ಹೋಗುವ ಹಾಗಿಲ್ಲ. ಆಟ ಮುಗಿದ ಮೇಲೆ ಅದು ನೆಲದೊಲೆಗೆ ಹೋಗುತ್ತದೆ, ಆಚೆ ಊರಿನ ಅತಿಥಿಗಳಿಗೆ ಔತಣವಾಗುತ್ತದೆ. ಇದು ನನಗೂ ಗೊತ್ತು, ಕೇಳಲು ಬಂದವರಿಗೂ ಗೊತ್ತು. ಕೇಳಲು ಬಂದದ್ದು ನಮ್ಮ ಹೊಸ ಪಾದ್ರಿ ತೌರಾ. ಇಪ್ಪತ್ತೊಂಬತ್ತರ ಹುಡುಗ, ಓದಿ ಬಂದು ಇನ್ನೂ ವರ್ಷ ತುಂಬಿಲ್ಲ.

"ಅಮ್ಮಾ, ನಿಮ್ಮ ಹೋತ..." ಎಂದ.

"ಪಾದ್ರಿಗಳೇ, ಮೊದ್ಲು ನಂಗೊಂದು ಹೇಳಿ" ಎಂದೆ. "ಅಬ್ರಹಾಮನಿಗೆ ಅಂತ ಎಲ್ರೂ ಅಳ್ತಾರೆ. ಇಸಾಕ ಉಳ್ಕೊಂಡ ಅಂತ ಚಪ್ಪಾಳೆ ಹೊಡೀತಾರೆ. ಆ ಪೊದೇಲಿ ಕೋಡು ಸಿಕ್ಕಾಕ್ಕೊಂಡಿತ್ತಲ್ಲ ಟಗರು, ಅದು ಯಾರದ್ದು?"

ಅವನು ಕೈಯಲ್ಲಿದ್ದ ಬೈಬಲ್ಲು ತೆರೆದು ಆ ಪುಟ ಹುಡುಕತೊಡಗಿದ.

"ಯಾರೋ ಒಬ್ಬರು ಸಾಕಿದ್ದೇ ತಾನೆ? ಬೆಳಿಗ್ಗೆ ಎದ್ದು ಎಲ್ಲಿ ಹೋಯ್ತು ನನ್ನ ಟಗರು ಅಂತ ಬೆಟ್ಟ ಎಲ್ಲಾ ಹುಡುಕಿರ್ತಾರೆ ತಾನೆ? ಅವರ ಹತ್ರ ಕೇಳಿದ್ರಾ? ನಿಮ್ಮ ದೇವರಿಗೆ ಕೇಳೋ ಅಭ್ಯಾಸವೇ ಇಲ್ಲ ಬಿಡಿ."

"ಗೊತ್ತಿಲ್ಲ ಅಮ್ಮಾ. ಕಾಲೇಜಲ್ಲಿ ಈ ಪ್ರಶ್ನೆ ಯಾರೂ ಕೇಳ್ಲಿಲ್ಲ" ಎಂದು ತೌರಾ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಸುಳ್ಳು ಪಾಂಡಿತ್ಯ ತೋರಿಸಿದ್ದರೆ ಅವತ್ತೇ ಬೇಲಿಯಿಂದ ಆಚೆ ಅಟ್ಟಿರುತ್ತಿದ್ದೆ.

ಟಗರಿಲ್ಲದೆ ತಾಲೀಮು ನಡೆಯಿತು. ನೋಡಲು ಹೋಗಬಾರದು ಅಂದುಕೊಂಡೆ, ಕಾಲು ಕೇಳಬೇಕಲ್ಲ. ಭಾವನ ನಾಯಿಗೆ ತೆಂಗಿನ ನಾರು ಅಂಟಿಸಿ ಪೊದೆಯಲ್ಲಿ ಕಟ್ಟಿದ್ದರು. ಅದು ದೇವದೂತರನ್ನು ಕಂಡು ಬೊಗಳಿತು. ಅಬ್ರಹಾಮನಿಗೆ ಇಸಾಕನನ್ನು ಎತ್ತಿ ಬಲಿಪೀಠದ ಮೇಲೆ ಇಡಲಾಗಲಿಲ್ಲ. ಇಸಾಕನೇ ಅಯ್ಯೋ ಬಿಡಪ್ಪ ಎಂದು ಹತ್ತಿ ಮಲಗಿದ. ಈ ಅವತಾರವನ್ನು ಆಚೆ ಊರಿನವರು ನೋಡಿದರೆ ನಾವು ಮುಖ ಎತ್ತಿ ನಡೆಯುವುದು ಹೇಗೆ? ಆದರೂ ಮನೆಗೆ ಬಂದು ಕಾವಾನಾನ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.

ಮೂರನೇ ದಿನ ಮಧ್ಯಾಹ್ನ ತೌರಾ ಮತ್ತೆ ಬಂದ. ಹೋತದ ಸುದ್ದಿಯೇ ಎತ್ತಲಿಲ್ಲ. ನಾನು ಸೂಜಿಯಿಂದ ಚಿಪ್ಪಿಗೆ ತೂತು ಹಾಕುತ್ತಿದ್ದಲ್ಲೇ ಪಕ್ಕ ಬಂದು ಕೂತ.

"ಅಮ್ಮಾ, ಯೋಚನೆ ಮಾಡ್ದೆ. ನಿದ್ದೇನೂ ಬರ್ಲಿಲ್ಲ ಅನ್ನಿ. ಆ ಟಗರು ದೇವರದ್ದೇ ಇರ್ಬೇಕು" ಎಂದ.

"ಎಲ್ಲಾ ಅವನದ್ದೇ ಅಂತೀರಿ. ಅದು ಜಾರ್ಕೊಳ್ಳೋ ಉತ್ತರ."

"ಹಾಗಲ್ಲ. ಬೇರೆಯವರದ್ದನ್ನ ಕದ್ದು ತಂದು ಕಟ್ಟಿದ್ದಲ್ಲ ಅಂದೆ. ತಂದೇ ಕೊಟ್ಟ. ಆ ಬೆಟ್ಟದಲ್ಲಿ ಟಗರು ಕೊಟ್ಟ, ಆಮೇಲೆ ಇನ್ನೊಂದು ಬೆಟ್ಟದಲ್ಲಿ ತನ್ನ ಮಗನನ್ನೇ ಶಿಲುಬೆಗೆ ಕೊಟ್ಟ. ಅಲ್ಲಿ ಪೊದೇಲಿ ಇನ್ನೊಂದು ಟಗರು ಇರ್ಲಿಲ್ಲ ಅಮ್ಮಾ. ಕಳ್ಕೊಂಡೋರ ಸಂಕಟ ಅವನಿಗೆ ಗೊತ್ತಿಲ್ಲ ಅಂತ ನಂಗೆ ಅನ್ನಿಸಲ್ಲ."

ಸೂಜಿ ಬೆರಳಿಗೆ ಚುಚ್ಚಿತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಅವನಿಗೆ ಹೇಳಿದೆ.

"ಕೊಡ್ಲೇಬೇಕು ಅಂತಿಲ್ಲ" ಎಂದು ಏಳುತ್ತಾ ಹೇಳಿದ. "ನಾಯಿ ಇದೆ. ಕೇಳ್ಬೇಕು ಅನ್ನಿಸ್ತು, ಕೇಳ್ದೆ ಅಷ್ಟೆ."

ಕೇಳಿದ. ಆ ಮಾತು ಹುಳದ ಹಾಗೆ ತಲೆಯೊಳಗೆ ಹೊಕ್ಕಿತು. ನೂರೋವಾನನ್ನು ಮೇಲಿನವನು ನನ್ನ ಕೈಯಿಂದ ಕಿತ್ತುಕೊಂಡ. ಕಾವಾನಾನನ್ನು ಈ ಹುಡುಗನ ಬಾಯಿಂದ ಕೇಳುತ್ತಿದ್ದಾನೆ. ಇಲ್ಲ ಎಂದರೆ ನಾಯಿ ಇದೆ. ಮೂರು ವರ್ಷದಿಂದ ಮುಷ್ಟಿ ಬಿಗಿಹಿಡಿದು ಕೂತಿದ್ದ ನನಗೆ, ಕೈಯಲ್ಲಿ ಕೊಡುವಂಥದ್ದೂ ಒಂದಿದೆ ಎಂದು ಆಗಲೇ ಹೊಳೆದದ್ದು.

ಹಿತ್ತಲಿಗೆ ಹೋದೆ. ಕಾವಾನಾ ನನ್ನ ಒಣಗಿದ ಬಟ್ಟೆಯನ್ನು ಮೆಲ್ಲುತ್ತಾ ನಿಂತಿತ್ತು. ಆಕಾಶ ನೋಡಿದೆ.

"ಕೇಳಿಸ್ಕೋ" ಎಂದೆ. "ನಿನ್ನ ಮೇಲೆ ನಂಗಿನ್ನೂ ಕೋಪ ಇದೆ. ಹೆದರ್ಕೊಂಡು ಕೊಡ್ತಿಲ್ಲ. ಲಂಚಾನೂ ಅಲ್ಲ, ಬದಲಿಗೆ ನೀನೇನೂ ಕೊಡೋದು ಬೇಡ. ಕೇಳಿದೆ, ಕೊಡ್ತೀನಿ. ಕೇಳೋ ಬುದ್ಧಿ ಈಗ್ಲಾದ್ರೂ ಬಂತಲ್ಲ ಮಹರಾಯ!"

ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು ಬೈಗುಳವೇ ಆಯಿತು. ಆದರೆ ಬೈದು ಮುಗಿಸುವಷ್ಟರಲ್ಲಿ ಎದೆ ಹಗುರಾಗಿತ್ತು. ಸುಳ್ಳೇಕೆ, ಆಮೇಲೆ ಕಾವಾನಾನ ಕುತ್ತಿಗೆ ತಬ್ಬಿಕೊಂಡು ಚೆನ್ನಾಗಿ ಅತ್ತೆ. ಅದು ನನ್ನ ತೋಳನ್ನು ತಿನ್ನಲು ನೋಡಿತು.

ಸುವಾರ್ತಾ ದಿನ ಅದಕ್ಕೆ ಸ್ನಾನ ಮಾಡಿಸಿ, ನಾನು ನಾಲ್ಕು ತಿಂಗಳು ಕೂತು ಪೋಣಿಸಿದ ಹಳದಿ ಪುಪು ಹಾರವನ್ನು ಕೊರಳಿಗೆ ಹಾಕಿ, ನಾನೇ ಹಗ್ಗ ಹಿಡಿದು ಬಯಲಿಗೆ ನಡೆಸಿಕೊಂಡು ಹೋದೆ. ಜನ ಎದ್ದು ದಾರಿ ಬಿಟ್ಟರು. ಗವರ್ನರ್ ಕೂಡ ಅದು ತನಗೆ ಸಲ್ಲಬೇಕಾದ ಮರ್ಯಾದೆ ಎಂಬಂತೆ ನಡೆಯಿತು.

ಆಟ ಚೆನ್ನಾಗಿಯೇ ಶುರುವಾಯಿತು. ಪೋಕೊ ಬಲಿಪೀಠ ಹತ್ತಿ ಮಲಗಿದ. ಭಾವ ಮರದ ಕತ್ತಿ ಎತ್ತಿ, ಕಣ್ಣಲ್ಲಿ ನಿಜವಾದ ನೀರು ತಂದುಕೊಂಡು ನಡುಗಿದ. ದೇವದೂತರು "ಅಬ್ರಹಾಮಾ!" ಎಂದರು. ಭಾವ ಪೊದೆಯ ಕಡೆ ತಿರುಗಿ ಟಗರನ್ನು ಬಿಡಿಸಲು ಬಗ್ಗಿದ. ಅವನ ಗಡ್ಡ ದಾಸವಾಳದ ಜಾತಿಯ ಮರದ ತೊಗಟೆನಾರಿನದು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಕಾವಾನಾಗೆ ಅದು ಹಬ್ಬದೂಟ. ಗಬಕ್ಕನೆ ಬಾಯಿ ಹಾಕಿತು. ಭಾವ ಈ ಕಡೆ ಎಳೆದ, ಅದು ಆ ಕಡೆ ಎಳೆಯಿತು.

"ಬಿಡೋ ಮುಂಡೇದೇ!" ಎಂದು ಪಿತಾಮಹ ಅಬ್ರಹಾಮ ಕಿರುಚಿದ.

ಬಲಿಪೀಠದ ಮೇಲಿದ್ದ ಇಸಾಕನಿಗೆ ನಗು ತಡೆಯಲಾಗಲಿಲ್ಲ. ಅವನ ಹೊಟ್ಟೆ ಕುಣಿಯಿತು, ಹಲಗೆ ಕುಣಿಯಿತು, ಆಮೇಲೆ ಲಟಕ್ಕನೆ ಮುರಿದು ಪೋಕೊ ಸೌದೆಯ ನಡುವೆ ಕೂತುಬಿಟ್ಟ. ಮೂರು ಊರಿನ ಜನ ಹೊಟ್ಟೆ ಹಿಡಿದುಕೊಂಡರು. ಆಚೆ ಊರಿನ ಹಿರಿಯರೊಬ್ಬರ ಹಲ್ಲಿನ ಸೆಟ್ಟು ಹುಲ್ಲಿಗೆ ಬಿತ್ತು. ನಾನೂ ನಕ್ಕೆ. ಮೂರು ವರ್ಷದ ಬಾಕಿ ನಗುವೆಲ್ಲ ಒಟ್ಟಿಗೆ ಬಂತು.

ಪಾಪ, ತೌರಾ ಕೈ ಬೀಸಿ ಹಾಡು ಎತ್ತಿಸಿದ. ಗಂಡಸರು ನಗುತ್ತಲೇ ಹೂಂ ಹೂಂ ಎಂದರು. ನಗಲು ತೆರೆದಿದ್ದ ನನ್ನ ಬಾಯಿಯಿಂದ ಏರುದನಿ ಹೊರಟಿತು. ನಾನು ಹೊರಡಿಸಿದ್ದಲ್ಲ, ತಾನೇ ಹೋಯಿತು. ಜನ ತಿರುಗಿ ನೋಡಿದರು. ಭಾವ ಅರ್ಧ ಗಡ್ಡ ಹಿಡಿದುಕೊಂಡು ಅಳುತ್ತಾ ನಿಂತ. ಈ ಸಲ ನಾಟಕಕ್ಕಲ್ಲ. ಎರಡನೇ ಚರಣ ಬರುವ ಹೊತ್ತಿಗೆ ನನಗೆ ತಿಳಿಯಿತು, ನಾನು ಕೊಡುತ್ತಿದ್ದದ್ದು ಕಾವಾನಾನನ್ನು ಮಾತ್ರ ಅಲ್ಲ. ನನ್ನ ಗಂಡನನ್ನು ನೀನು ಕೇಳದೆ ತೆಗೆದುಕೊಂಡೆ, ನಿಜ. ಆದರೂ ಈಗ ನಾನೇ ಕೊಡುತ್ತಿದ್ದೇನೆ, ತೆಗೆದುಕೋ, ಚೆನ್ನಾಗಿ ನೋಡಿಕೋ. ಹಾಗೆ ಹಾಡಿನ ನಡುವೆ ನೂರೋವಾನನ್ನೂ ಕೊಟ್ಟುಬಿಟ್ಟೆ.

ಸಂಜೆ ನೆಲದೊಲೆ ತೆರೆದರು. ಪೋಕೊ ಪುಪು ಹಾರವನ್ನು ತೊಳೆದು ತಂದು ನನ್ನ ಕೈಗಿಟ್ಟು, "ಚಿಕ್ಕಮ್ಮಾ, ನೀನು ಮನೇಗ್ ಹೋಗು, ಬಡಿಸೋದು ನಾವು ನೋಡ್ಕೋತೀವಿ" ಎಂದ. ಹೋಗಲಿಲ್ಲ. ಅತಿಥಿಗಳಿಗೆ ನಾನೇ ಬಡಿಸಿದೆ, ಕೆಸುವಿನ ಗೆಡ್ಡೆಯ ಜೊತೆ. ಒಂದು ತುಂಡು ನಾನೂ ತಿಂದೆ.

ಭಾನುವಾರದಿಂದ ಚರ್ಚಿನಲ್ಲಿ ಹಾಡಿದೆ. ಮನೆಯಲ್ಲಿ ಚಾಪೆ ಖಾಲಿಯಿತ್ತು. ಚಹಾ ಮಾತ್ರ ಅಭ್ಯಾಸಬಲದಿಂದ ಎರಡು ಲೋಟ ಸುರಿಯುತ್ತಿದ್ದೆ, ಎರಡನ್ನೂ ನಾನೇ ಕುಡಿಯುತ್ತಿದ್ದೆ.

ನವೆಂಬರಿನ ಒಂದು ಬೆಳಿಗ್ಗೆ ಭಾವ ಬೇಲಿಯ ಹತ್ತಿರ ಬಂದು ಕೂಗಾಡತೊಡಗಿದ.

"ಏ ತುವಾಯಿನೆ! ಬಾರೇ ಇಲ್ಲಿ! ನಿನ್ನ ಗವರ್ನರ್ ಮಾಡಿರೋ ಘನಕಾರ್ಯ ನೋಡು!"

ಹೋಗಿ ನೋಡಿದೆ. ಅವನ ಕಪ್ಪು ಮೇಕೆಗಳು ನಾಲ್ಕೂ ಈದಿದ್ದವು. ಏಳು ಮರಿ. ಏಳೂ ಬಿಳಿ. ಹುಟ್ಟಿ ಎರಡು ದಿನವಾಗಿರಲಿಲ್ಲ, ಆಗಲೇ ಎದೆ ಮುಂದೆ ಮಾಡಿಕೊಂಡು, ಒಂದಕ್ಕೊಂದು ದಾರಿ ಬಿಡದೆ ಓಡಾಡುತ್ತಿದ್ದವು. ಗದ್ದಲ ಕೇಳಿ ತೌರಾನೂ ಬಂದ. ಎಣಿಸಿದ, ಮತ್ತೆ ಎಣಿಸಿದ, ಬೇಲಿ ಹಿಡಿದುಕೊಂಡು ನಗತೊಡಗಿದ.

"ಸಂತತೀನ ನಕ್ಷತ್ರದಷ್ಟು ಹೆಚ್ಚಿಸ್ತೀನಿ ಅಂತ ದೇವರು ಅಂದದ್ದು ಅಬ್ರಹಾಮನಿಗೆ ಅಂದ್ಕೊಂಡಿದ್ದೆ. ಟಗರಿಗೂ ಸೇರಿಸಿ ಹೇಳಿದ್ದು ಅಂತ ಕಾಣುತ್ತೆ!"

"ಬದಲಿಗೆ ಏನೂ ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದೆ ನಾನು" ಎಂದೆ. ದನಿ ಗಟ್ಟಿ ಮಾಡಲು ನೋಡಿದೆ, ಆಗಲಿಲ್ಲ.

"ಹಂಗಿದ್ರೆ ಬೇಡ ಬಿಡು" ಎಂದು ಭಾವ ಅಂದ. ಅಂದವನು ಎಲ್ಲಕ್ಕಿಂತ ತುಂಟ ಮರಿಯನ್ನು ಎತ್ತಿ ಬೇಲಿಯ ಮೇಲಿಂದ ನನ್ನ ಮಡಿಲಿಗೆ ಹಾಕಿದ. ಅದು ಮೊದಲು ನನ್ನ ಮುಖ ನೋಡಿತು, ಆಮೇಲೆ ಟೋಪಿ.

ತೌರಾ ನನ್ನ ಕಡೆ ಓರೆಗಣ್ಣು ಮಾಡಿ, "ಅಮ್ಮಾ, ಈ ಟಗರು ಯಾರದ್ದು?" ಎಂದು ಕೇಳಿದ.

"ಅವನದ್ದೇ ಕಣಪ್ಪ" ಎಂದೆ. "ಕೇಳಿದಾಗ ಕೊಡ್ತೀನಿ. ಅಲ್ಲೀವರೆಗೂ ಇದರ ಚಹಾ ನಂದು."