ದಡಕ್ಕೆ ಬಂದ ಡಾಲ್ಫಿನ್ನನ್ನು ಕಡಲಿಗೆ ನೂಕಬೇಡಿ

ಬೆಳಗ್ಗೆ ದೋಣಿ ಇಳಿಸಲು ಹೋದವರು ಮರಳಿನ ಮೇಲೆ ಡಾಲ್ಫಿನ್ ಒಂದು ಬಿದ್ದಿರುವುದನ್ನು ಕಂಡರು. ಇನ್ನೂ ಉಸಿರಿತ್ತು. ಮೈ ಸೊರಗಿ ಬಾಯಿಯ ಸುತ್ತ ಹುಣ್ಣಾಗಿತ್ತು. ಅಲೆಗಳ ಆಚೆ ಅದರ ಬಳಗ ಮತ್ತೆ ಮತ್ತೆ ಮೇಲೆದ್ದು ಮುಳುಗುತ್ತಿತ್ತು.

ಆ ಮೀನುಗಾರರಲ್ಲಿ ಒಂದು ರೂಢಿಯಿತ್ತು. ದಡಕ್ಕೆ ಬಿದ್ದ ಡಾಲ್ಫಿನ್ನನ್ನು ಹಳೆಯ ಹಾಯಿಬಟ್ಟೆಯಲ್ಲಿ ಮಲಗಿಸಿ, ನಾಲ್ಕು ಜನ ಎತ್ತಿ, ಎದೆಮಟ್ಟದ ನೀರಿಗೆ ಒಯ್ದು ಬಿಡುವುದು. ಮೀನು ಎಲ್ಲಿದೆಯೆಂದು ತೋರಿಸುವ ಪ್ರಾಣಿ ನೆಲದ ಮೇಲೆ ಸಾಯಬಾರದು ಎಂದು ಅವರು ನಂಬಿದ್ದರು.

ಬಲೆ ಹೊಲಿಯುತ್ತಿದ್ದ ತಾಯಿಯೊಬ್ಬಳು ಸುದ್ದಿ ಕೇಳಿ, ಸೂಜಿಯನ್ನು ಬಲೆಯಲ್ಲೇ ಚುಚ್ಚಿಟ್ಟು, ಹಾಯಿಬಟ್ಟೆ ಹೊತ್ತು ಬಂದಳು.

“ನಿಂತು ನೋಡ್ತೀಯೇನೋ? ಎತ್ತು ಬೇಗ!” ಎಂದು ಮಗನನ್ನು ಗದರಿದಳು.

“ಅಣ್ಣಾ, ಮುಟ್ಟಬೇಡ!”

ಕೂಗಿದವಳು ಆ ತಾಯಿಯ ತಂಗಿಯ ಮಗಳು. ಜಾನುವಾರು ಆಸ್ಪತ್ರೆಯಲ್ಲಿ ಡಾಕ್ಟರರ ಸಹಾಯಕಿ.

ಮಗ ಸಿಡುಕಿದ. “ನೀನು ಹಸುವಿನ ಬಾಲ ಹಿಡಿಯೋಳು. ಕಡಲಿನ ಪಂಚಾಯ್ತಿ ನಿನಗ್ಯಾಕೆ?”

“ಹಸು ಕೈಲಿ ಒದೆಸಿಕೊಂಡು ಅಭ್ಯಾಸ ಇದೆ, ನಿನ್ನ ಮಾತು ಯಾವ ಲೆಕ್ಕ? ಮೊದಲು ನಿನ್ನ ನಾಯಿ ಹಿಡ್ಕೋ, ಮೂಸೋಕೆ ಹೋಗ್ತಿದೆ.”

ಅವನು ನಾಯಿಯನ್ನು ಹಿಂದಕ್ಕೆಳೆದ. ಅವಳು ತಾಯಿಯ ಕಡೆ ತಿರುಗಿದಳು.

“ದೊಡ್ಡಮ್ಮ, ಈಚೆಗೆ ಸತ್ತು ಬಂದ ಡಾಲ್ಫಿನ್‌ಗಳನ್ನ ನಮ್ಮ ಡಾಕ್ಟರು ಪರೀಕ್ಷೆ ಮಾಡಿಸಿದ್ರು. ಅವಕ್ಕೆ ವೈರಸ್ ಕಾಯಿಲೆ ಇತ್ತು. ಮಕ್ಕಳಿಗೆ ಬರೋ ದಡಾರಕ್ಕೆ ಅದು ದಾಯಾದಿ ಇದ್ದ ಹಾಗೆ. ಶ್ವಾಸಕೋಶ, ಮಿದುಳು ಎಲ್ಲ ಕೆಡಿಸುತ್ತೆ. ಇದಕ್ಕೂ ಅದೇ ಇರಬಹುದು.”

“ಇದ್ರೆ ಇರಲಿ. ತನ್ನವರ ಹತ್ರ ಹೋಗಿ ಸಾಯಲಿ. ನೋಡು, ಕಾಯ್ತಾ ಇವೆ.”

“ನನ್ನ ಭಯಾನೂ ಅದೇ. ಅವು ಒಟ್ಟಿಗೆ ಮೇಲೆದ್ದು ಒಟ್ಟಿಗೆ ಉಸಿರಾಡ್ತವೆ. ಒಂದರ ಉಸಿರು ಇನ್ನೊಂದಕ್ಕೆ ತಾಗುತ್ತೆ. ಇದನ್ನ ನೀರೊಳಗೆ ಬಿಟ್ರೆ ಆ ಬಳಗದ ಮರಿಗಳಿಗೆ ನಾವೇ ಕೈಯಾರೆ ರೋಗ ಹಂಚಿದ ಹಾಗೆ.”

“ಕಲ್ಲೆದೆ ಕಣೇ ನಿನ್ನದು,” ಎಂದ ಮಗ. “ಅಮ್ಮ, ನೀನು ಆ ತುದಿ ಹಿಡಿ.”

ತಾಯಿ ಹಿಡಿಯಲಿಲ್ಲ. ಅವಳ ಹಿರಿಮಗಳು ದಡಾರದಲ್ಲೇ ತೀರಿಕೊಂಡಿದ್ದಳು.

“ನಿನ್ನಕ್ಕ ಒಳಗೆ ಮಲಗಿದ್ದಾಗ, ಅಕ್ಕನ ಹತ್ರ ಬಿಡಮ್ಮ ಅಂತ ನೀನು ಬಾಗಿಲು ಬಡಿದೆ,” ಎಂದಳು ಮೆಲ್ಲಗೆ. “ಅವಳೂ ಒಳಗಿಂದ ನಿನ್ನನ್ನ ಕರೆದಳು. ನಾನು ಬಾಗಿಲು ತೆಗೀಲಿಲ್ಲ. ಆಮೇಲೆ ಅವಳು ಕರೀಲೂ ಇಲ್ಲ.” ಕಡಲ ಕಡೆ ನೋಡಿದಳು. “ನೀನು ಉಳಿದೆ. ಬಟ್ಟೆ ಮಡಚು, ಮಗನೇ.”

ಅವನು ಬಟ್ಟೆ ಮಡಚಿದ. ಚಿಕ್ಕಮ್ಮನ ಮಗಳು ಡಾಕ್ಟರರಿಗೆ ಫೋನು ಮಾಡಿದಳು. ಡಾಕ್ಟರು ಬರುವ ತನಕ ಜನರನ್ನೂ ನಾಯಿಗಳನ್ನೂ ದೂರ ನಿಲ್ಲಿಸಿದವನು ಅವನೇ.

ಡಾಕ್ಟರು ಕೈಗವಸು, ಮುಖಗವಸು ತೊಟ್ಟು ಪರೀಕ್ಷಿಸಿದರು. ಇದು ಬದುಕುವುದಿಲ್ಲ ಎಂದು ಹೇಳಿ, ನೋವು ತಿಳಿಯದಂತೆ ಪ್ರಾಣ ಹೋಗುವ ಚುಚ್ಚುಮದ್ದು ಕೊಟ್ಟರು. ತಾಯಿ ದೂರದಿಂದಲೇ ಕೈಮುಗಿದಳು.

“ದೇವರೇ, ಇದನ್ನು ನಿನ್ನ ಮಡಿಲಿಗೆ ಹಾಕ್ಕೋ. ಆಚೆ ಇರೋರನ್ನ ಕಾಯಿ.”

ಬಿಸಿಲೇರಿದ ಮೇಲೆ ಬಳಗ ಆಳದ ಕಡೆಗೆ ಹೊರಟುಹೋಯಿತು.

ಕಡಲ ದಡದ ಅಣ್ಣಂದಿರೇ, ಅಕ್ಕಂದಿರೇ, ಡಾಲ್ಫಿನ್, ತಿಮಿಂಗಿಲ, ಸೀಲ್ ಎಂಬ ಕಡಲುನಾಯಿ, ಯಾವುದೇ ದಡಕ್ಕೆ ಬಂದರೂ, ಬದುಕಿರಲಿ ಸತ್ತಿರಲಿ, ಮುಟ್ಟಬೇಡಿ. ನೀರಿಗೆ ನೂಕಬೇಡಿ. ಆಹಾರಕ್ಕಾಗಲಿ ಗಾಳಕ್ಕಾಗಲಿ ಕೊಯ್ಯಬೇಡಿ. ಮಕ್ಕಳನ್ನೂ ನಾಯಿಗಳನ್ನೂ ಹತ್ತಿರ ಬಿಡಬೇಡಿ. ದಡಾರದ ದಾಯಾದಿಯಾದ ಈ ವೈರಸ್ ಮನುಷ್ಯರಿಗೆ ತಗುಲಿದ್ದು ಈವರೆಗೆ ಕಂಡಿಲ್ಲ. ಆದರೆ ಹಕ್ಕಿಜ್ವರದಂಥ ರೋಗಗಳೂ ಈ ಪ್ರಾಣಿಗಳಲ್ಲಿ ಹರಡುತ್ತವೆ, ಅವು ನಮಗೂ ಬರಬಹುದು. ಯಾವುದಕ್ಕೆ ಯಾವ ರೋಗವೆಂದು ಕಣ್ಣಿನಿಂದ ನೋಡಿ ಹೇಳಲಾಗದು. ಕೂಡಲೇ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಉಳಿಯುವಂಥದ್ದಾದರೆ ಬಲ್ಲವರು ಉಳಿಸುತ್ತಾರೆ.

ನರಳುವ ಜೀವದಿಂದ ದೂರ ನಿಲ್ಲುವುದು ಕಷ್ಟ. ಆದರೂ ನಿಲ್ಲಿ. ಕಡಲಿನಲ್ಲಿ ಇನ್ನೂ ಉಸಿರಾಡುತ್ತಿರುವವುಗಳಿಗಾಗಿ ನಿಲ್ಲಿ.