ಕೋಟಿನ ತೋಳಿನೊಳಗಿನ ಮಣಿ

ಯಾವ ಕೋಣೆಗೆ ಹೋದರೂ ಬಾಗಿಲ ಹಿಂದೊಮ್ಮೆ ಇಣುಕದೆ ಡಾಕ್ಟರಮ್ಮ ಕುಳಿತವರಲ್ಲ. ಕತ್ತು ತುಸು ವಾಲಿಸಿ, ನಡಿಗೆ ನಿಧಾನಿಸಿ, ಮರೆಯಲ್ಲಿರುವುದನ್ನೆಲ್ಲ ವಿಚಾರಿಸಿಕೊಂಡು ಬರುವ ಈ ಅಭ್ಯಾಸ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ತೂರಿಸಿ ನೋಡುವ ವೃತ್ತಿಯಿಂದ ಬಂದದ್ದೋ, ಅಭ್ಯಾಸವೇ ಅವರನ್ನು ಆ ವೃತ್ತಿಗೆ ಎಳೆತಂದಿತೋ, ಹೇಳುವುದು ಕಷ್ಟ. ಪರೀಕ್ಷೆಯ ನಂತರ "ಏನೂ ಇಲ್ಲ" ಎಂದು ಅವರು ಹೇಳಿದ್ದನ್ನು ಕೇಳಿದವರಿಲ್ಲ. "ನನಗೇನೂ ಕಾಣಲಿಲ್ಲ" ಎನ್ನುವರು, ಅಷ್ಟೇ.

ಬಟ್ಟೆ ಹೊಲಿದೇ ಬಾಳು ಕಟ್ಟಿಕೊಂಡ ಅವರ ಅಕ್ಕನಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿ. "ನೆಟ್ಟಗೆ 'ಇಲ್ಲ' ಅಂದ್ರೆ ನಿನ್ನ ಗಂಟೇನು ಹೋಗುತ್ತೇ?" ಎಂದು ರೇಗುವಳು. ರೇಗುವುದಕ್ಕೆ ಕಾರಣವಿತ್ತು. ತಾಯಿಯನ್ನು ಕರುಳಿನ ಕ್ಯಾನ್ಸರ್ ಕೊಂಡೊಯ್ದಿತ್ತು. ಅಕ್ಕನನ್ನು ಪರೀಕ್ಷಿಸಿದಾಗಲೂ ತಂಗಿ ಹೇಳಿದ್ದು ಅದೇ ಮಾತು. ಕರುಳಿನ ಒಳಗೋಡೆ ಮಡಿಕೆ ಮಡಿಕೆ. ಮಡಿಕೆಯ ಬೆನ್ನಿಗೆ ದುರ್ಮಾಂಸದ ಕುಡಿಯೊಂದು ಅಂಟಿ ಕುಳಿತರೆ, ಎದುರಿಗಷ್ಟೇ ನೋಡುವ ಕ್ಯಾಮೆರಾಕ್ಕೆ ಅದು ಕಾಣದು. ಆ ಭಯ ಡಾಕ್ಟರಮ್ಮನನ್ನು ಬಿಟ್ಟಿರಲಿಲ್ಲ.

ಕೊಳವೆಯ ತುದಿಗೆ ತೊಡಿಸುವ, ಮೆತ್ತನೆಯ ರಬ್ಬರ್ ಮುಳ್ಳುಗಳ ಬಳೆಯೊಂದು ಆಸ್ಪತ್ರೆಗೆ ಬಂತು. ಒಳಹೋಗುವಾಗ ಮುಳ್ಳುಗಳು ಮಲಗುತ್ತವೆ. ಹಿಂದಕ್ಕೆಳೆಯುವಾಗ ಅರಳಿ ಮಡಿಕೆಗಳನ್ನು ಸರಿಸುತ್ತವೆ. ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ನೋಡಲು ಡಾಕ್ಟರಮ್ಮ ಗಂಡನ ಹಳೆಯ ಕೋಟನ್ನೇ ಬಲಿಕೊಟ್ಟರು. ತೋಳಿನೊಳಗೆ ಕರುಳಿನಂತೆ ಮಡಿಕೆ ಹೊಲಿದು, ಸಂದಿಗಳಲ್ಲಿ ಮಣಿ ಕೂಡಿಸಿ, ಕಲಿಕೆಗೆಂದಿಟ್ಟಿದ್ದ ಹಳೆಯ ಕೊಳವೆ ತೂರಿಸಿದರು. ಬಳೆಯಿಲ್ಲದೆಯೇ ಎಲ್ಲ ಮಣಿಗಳೂ ಸಿಕ್ಕವು! ಹಾಗಾದರೆ ಬಳೆ ಏಕೆಂದು ಅವರು ತಲೆ ಕೆರೆದುಕೊಳ್ಳುತ್ತಿದ್ದರೆ ಅಕ್ಕ ಗೊಳ್ಳೆಂದು ನಕ್ಕಳು.

"ನೀನೇ ಬಚ್ಚಿಟ್ಟು ನೀನೇ ಹುಡುಕಿದ್ರೆ ಸಿಗದೆ ಏನು ಮಾಡುತ್ತೇ? ಕೊಡು ಇಲ್ಲಿ."

ಅಕ್ಕ ಎಲ್ಲವನ್ನೂ ಬಿಚ್ಚಿ, ಮಣಿ ಎಲ್ಲೆಲ್ಲಿಟ್ಟಳೆಂದು ಯಾರಿಗೂ ಹೇಳದೆ ಹೊಸದಾಗಿ ಹೊಲಿದು ತಂದಳು. ಬರಿಯ ಕೊಳವೆಯಲ್ಲಿ ನೋಡಿ ಮುಗಿಸಿದ ಡಾಕ್ಟರಮ್ಮ, "ನನಗೆ ಇಷ್ಟೇ ಕಂಡಿದ್ದು" ಎಂದರು. ಬಳೆ ತೊಡಿಸಿ ಮತ್ತೆ ಎಳೆದಾಗ, ಅವರು ಆಗಷ್ಟೇ ದಾಟಿ ಬಂದಿದ್ದ ಮಡಿಕೆಯ ಹಿಂದಿನಿಂದ ಕೆಂಪು ಮಣಿಯೊಂದು ಇಣುಕಿತು. ಅಕ್ಕನ ನಗು ನಿಂತಿತು. ತೋಳನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕುಳಿತವಳು ಕೊನೆಗೆ ಹೇಳಿದಳು, "ನನ್ನನ್ನೂ ಇದನ್ನ ಹಾಕಿ ಇನ್ನೊಂದ್ಸಲ ನೋಡೇ."

ನೋಡಿದರು. ಮಡಿಕೆಯೊಂದರ ಬೆನ್ನಿಗೆ ಪುಟ್ಟ ಕುಡಿಯೊಂದಿತ್ತು. ಅಲ್ಲೇ ಕತ್ತರಿಸಿ ತೆಗೆದರು. ಇನ್ನೂ ಕೆಟ್ಟಿಲ್ಲ, ಬಿಟ್ಟಿದ್ದರೆ ಕೆಡುವ ಜಾತಿಯದು ಎಂದಿತು ಪ್ರಯೋಗಾಲಯ.

"ಇನ್ನೇನೂ ಇಲ್ಲ ತಾನೆ?" ಎಂದಳು ಅಕ್ಕ.

"ನನಗೆ ಕಾಣಲಿಲ್ಲ ಅಕ್ಕಾ."

ಈ ಸಲ ಅಕ್ಕ ರೇಗಲಿಲ್ಲ. ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. 'ಇಲ್ಲ' ಎಂದು ಧೈರ್ಯ ಹೇಳುವವರನ್ನು ನಾವು ಬೇಗ ನಂಬಿಬಿಡುತ್ತೇವೆ. ಆದರೆ 'ಕಾಣಲಿಲ್ಲ' ಎನ್ನುವ ಜನ ಬೇರೆ. ಅವರು ನಮ್ಮ ನಿದ್ದೆ ಕೆಡಿಸುತ್ತಾರೆ, ಮತ್ತೆ ಹುಡುಕಲು ಬರುವವರೂ ಅವರೇ.