ಪಕ್ಕದ ಚುಕ್ಕಿ

ಚುಕ್ಕಿ ಜರುಗಿತು, ಅಲ್ಲ, ನನ್ನ ಕಣ್ಣೇ ಜರುಗಿರಬೇಕು, ಇನ್ನೊಮ್ಮೆ ನೋಡೋಣ — ಪರದೆಯ ನಡುವೆ ಒಂದೇ ರಂಧ್ರದಿಂದ ಬಂದ ಒಂದೇ ಬೆಳಕು, ಅದರ ಎಡಕ್ಕೆ ಇರಬಾರದ ಇನ್ನೊಂದು ಮಸುಕು ಚುಕ್ಕಿ, ಕಣ್ಣಿನ ಒಳಗಿನ ಚಿತ್ರ ತೆಗೆಯುವ ಈ ಕ್ಯಾಮೆರಾದ ಮಸೂರದಲ್ಲಿ ಬೆಳಕು ಹಾಯುವ ಕಿಂಡಿಗೆ ನಾನೇ ಕೂರಿಸಿದ ಗಾಜಿನ ಫಿಲ್ಟರನ್ನು ಕಾಲು ಸುತ್ತು ತಿರುಗಿಸಿದೆ, ಎಡಕ್ಕಿದ್ದದ್ದು ಮೇಲಕ್ಕೆ ಹೋಯಿತು, ಅಯ್ಯೋ, ಹಾಗಾದರೆ ಅದು ಅಲ್ಲಿ ಇಲ್ಲವೇ ಇಲ್ಲ, ಗಾಜಿನದು, ನನ್ನದು. ಮೂರು ವರ್ಷದಿಂದ ಇದೇ ಕೆಲಸ, ನಡುವಿನ ಬೆಳಕನ್ನು ಒಂದಿಷ್ಟು ತಡೆದರೆ ಚುಕ್ಕಿ ಚೂಪಾಗುತ್ತದೆ, ಅಂಟಿಕೊಂಡಂತಿದ್ದ ಎರಡು ಬೇರೆಬೇರೆಯಾಗಿ ಕಾಣುತ್ತವೆ, ಆದರೆ ಸುತ್ತಲಿನ ಬೆಳಕಿನ ಬಳೆಯೂ ಹೊಳಪೇರುತ್ತದೆ, ಫಿಲ್ಟರ್ ಕೂದಲೆಳೆಯಷ್ಟು ಓರೆ ಕೂತರೆ ಸಾಕು, ಬಳೆಯ ಒಂದು ಬದಿ ಚುಕ್ಕಿಯ ವೇಷ ಹಾಕುತ್ತದೆ, ಗೊತ್ತಿತ್ತಲ್ಲ ನನಗೆ, ಎಲ್ಲ ಗೊತ್ತಿತ್ತು — ಹೋದ ವಾರ ಆಸ್ಪತ್ರೆಯಲ್ಲಿ, ಇಲ್ಲಿಗೆ ವಾಪಸು ತರುವ ಮೊದಲು, ಇದೇ ಕ್ಯಾಮೆರಾದ ಮುಂದೆ ಗಲ್ಲ ಊರಿ ಕೂತಿದ್ದಳು ಚಿಕ್ಕಮ್ಮ, ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ನನ್ನನ್ನು ಓದಿಸಿದವಳು, ನಮ್ಮ ಹುಡುಗಿ ಮಾಡಿರೋದು ಡಾಕ್ಟ್ರೇ, ನಾನು ರೆಪ್ಪೆ ಕೂಡ ಮಿಟುಕಿಸಲ್ಲ ನೋಡಿ ಎಂದು ಬಡಾಯಿ ಕೊಚ್ಚುತ್ತ, ಡಾಕ್ಟರು ಚಿತ್ರ ತೋರಿಸಿ, ಇದು ಹಳೇ ಸೋರಿಕೆ, ಪಕ್ಕದಲ್ಲಿ ಹೊಸದಾಗಿ ಇನ್ನೊಂದು ರಕ್ತನಾಳ ಸೋರ್ತಿದೆ, ಲೇಸರ್ ಹಾಕಿ ಮುಚ್ಚಿಬಿಡೋಣ ಅಂದರು, ನಾನೂ ಹೂಂ ಅಂದೆ, ಹೆಮ್ಮೆಯಿಂದ ಅಂದೆ, ಹಳೆಯ ಕ್ಯಾಮೆರಾಗೆ ಅದು ಕಂಡೇ ಇರಲಿಲ್ಲವಲ್ಲ. ಲೇಸರ್ ಇವತ್ತು ಹನ್ನೊಂದಕ್ಕೆ. ಈಗ ಹತ್ತೂ ಮುಕ್ಕಾಲು. ಡಾಕ್ಟರಿಗೆ ಹೇಳಲು ಫೋನು ಎತ್ತಿಕೊಂಡೆ, ಪಕ್ಕದಲ್ಲೇ ಇದ್ದ ಬಾಸ್ ಕೈ ಅಡ್ಡ ಹಿಡಿದರು, ಸೋಮವಾರ ದೊಡ್ಡವರೆಲ್ಲ ಈ ಕ್ಯಾಮೆರಾ ನೋಡೋಕೆ ಬರ್ತಿದಾರೆ, ಇನ್ನೊಂದ್ಸಲ ಅಳೆದು ನೋಡಿ ಆಮೇಲೆ ಹೇಳಮ್ಮ, ಆಯ್ತು ಸರ್ ಅಂದೆ, ಅಂದೆನಲ್ಲ, ನಮ್ಮ ಚಿಕ್ಕಮ್ಮನ ಕಣ್ಣು ಸರ್ ಅದು ಎನ್ನಲಿಲ್ಲ, ಅಳೆದೆ, ಇಪ್ಪತ್ತು ನಿಮಿಷ, ಚಿಕ್ಕಮ್ಮನ ಚಿತ್ರದಲ್ಲಿದ್ದಷ್ಟೇ ದೂರ, ಅದೇ ಚುಕ್ಕಿ —

ಈಗಷ್ಟೇ ಮುಗೀತು, ಚೆನ್ನಾಗೇ ಆಯ್ತು, ಅಂದರು ಡಾಕ್ಟರು ಫೋನಿನಲ್ಲಿ. ಹೇಳಿದೆ. ಇನ್ನೂ ಆರು ಜನರ ಚಿತ್ರ ಅದರಲ್ಲೇ ತೆಗೆದಿದೀವಿ, ಅವರ ಲೇಸರ್ ಎಲ್ಲಾ ನಿಲ್ಲಿಸ್ತೀನಿ, ಅಂದರು. ಆರು ಜನರ ಕಣ್ಣು ಉಳಿಯಿತು, ಬಾಸ್ ಮುಖ ತಿರುಗಿಸಿಕೊಂಡರು, ಚೀಲವನ್ನೂ ಎತ್ತಿಕೊಳ್ಳದೆ ಹೊರಟುಬಂದೆ, ಬಸ್ಸು, ಮೆಟ್ಟಿಲು, ಅರೆ ತೆರೆದ ಬಾಗಿಲು, ಚಿಕ್ಕಮ್ಮ ಆಗಲೇ ಮನೆಗೆ ಬಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಾಳೆ, ಓದೋವಾಗ ಅಕ್ಷರದ ಮೇಲೆ ಒಂದು ಕರಿ ಚುಕ್ಕೆ ಕೂರುತ್ತೆ ಕಣೇ, ಓಡಿಸಿದರೂ ಹೋಗಲ್ಲ, ನಾಳೆಗೆ ಸರಿಹೋಗುತ್ತಾ? ಹೋಗುವುದಿಲ್ಲ. ಅಲ್ಲಿ ಏನೂ ಇರಲೇ ಇಲ್ಲ ಚಿಕ್ಕಮ್ಮ, ಚೆನ್ನಾಗಿದ್ದ ಜಾಗ ಸುಟ್ಟರು, ತಪ್ಪು ನಂದು. ಇಪ್ಪತ್ತು ನಿಮಿಷದ ವಿಷಯವನ್ನೂ ಹೇಳಿದೆ, ಅದನ್ನೇ ಮೊದಲು ಹೇಳಬೇಕಿತ್ತು. ಬೈಯುತ್ತಾಳೆ, ಬೈಯಲಿ, ಬೈದರೆ ಸಾಕು — ಎಷ್ಟು ಅಂಗಿಗಳಿಗೆ ತೋಳು ಹಿಂದುಮುಂದು ಹಚ್ಚಿದೀನೋ ನಾನು, ಬಿಚ್ಚಿ ಮತ್ತೆ ಹೊಲಿತಿದ್ದೆ, ಇದನ್ನ ಬಿಚ್ಚೋಕಾಗಲ್ಲ ಅಲ್ವಾ. ಇಲ್ಲ ಚಿಕ್ಕಮ್ಮ. ಹೂಂ ಅಂದಳು. ಪೆಟ್ಟಿಗೆಯಿಂದ ಸೂಜಿ ತೆಗೆದಳು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದಳು, ಕೊಡು ನಾನು ಪೋಣಿಸ್ತೀನಿ, ಬೇಡ, ಇರು, ನಾನೇ ನೋಡ್ತೀನಿ, ತಲೆ ಸ್ವಲ್ಪ ಓರೆ ಮಾಡಿದಳು, ದಾರ ಸೂಜಿಕಣ್ಣಿನ ಪಕ್ಕಕ್ಕೆ ಹೋಯಿತು, ಮತ್ತೆ ಒದ್ದೆ ಮಾಡಿದಳು, ಮತ್ತೆ ಪಕ್ಕಕ್ಕೆ, ನಲವತ್ತು ವರ್ಷ ಒಂದೇ ಸಲಕ್ಕೆ ಪೋಣಿಸುತ್ತಿದ್ದ ಕೈ, ಮತ್ತೆ, ದಾರದ ತುದಿ, ಸೂಜಿಯ ಕಣ್ಣು, ಪಕ್ಕಕ್ಕೆ